ಹೊಸ ಟಿವಿಗೆ ಹಳೆ ಲಗ್ನದ ಡಿವಿಡಿ: ವೈರ್ ಎಲ್ಲಿ ಹಚ್ಚಬೇಕು?

ಅಕ್ಕಲಕೋಟ: ಹೊಸ ಟಿವಿ ಬಂದ ಮನೆಗಳಲ್ಲಿ ಡಿವಿಡಿ ಪ್ಲೇಯರ್ ಅಟ್ಟ ಸೇರಿದೆ. ಇಂಡಿ, ಆಳಂದ ಕಡೆಯ ಬೀಗರು ಬಂದಾಗ ಲಗ್ನದ ಡಿವಿಡಿ ಹಾಕೋಣ ಅಂದ್ರೆ ವೈರ್ ಹಚ್ಚುವ ಜಾಗವೇ ತಿಳಿಯುವುದಿಲ್ಲ.

ಹಳದಿ ವೈರಿನಲ್ಲಿ ಚಿತ್ರ, ಬಿಳಿ-ಕೆಂಪಿನಲ್ಲಿ ಧ್ವನಿ ಬರುತ್ತದೆ. ಹಲವು ಟಿವಿಗಳಲ್ಲಿ ಹಳದಿ ತೂತು ಬೇರೆ ಇಲ್ಲ, ಹಸಿರಿನದೇ ಎರಡೂ ಕೆಲಸಕ್ಕೆ. ಹಳದಿ ಪಿನ್ ಅಲ್ಲಿ ಹಚ್ಚಿ ರಿಮೋಟಿನಲ್ಲಿ 'ಎವಿ' ಆರಿಸಬೇಕು. 'ಕಾಂಪೊನೆಂಟ್' ಆರಿಸಿದ್ದರೆ ಚಿತ್ರ ಕಪ್ಪು-ಬಿಳುಪಾಗುತ್ತದೆ. ಪ್ಲೇಯರ್ ಕೆಟ್ಟಿತೆಂದು ದುರಸ್ತಿಗೆ ಒಯ್ಯುವ ಮೊದಲು ಇದನ್ನು ನೋಡಿ.

ಪ್ಲೇಯರಿನಲ್ಲಿ ಕೆಂಪು-ಹಸಿರು-ನೀಲಿ ತೂತುಗಳಿದ್ದು, ಟಿವಿಯಲ್ಲೂ ಇದ್ದರೆ ಚಿತ್ರ ಇನ್ನೂ ಸ್ವಚ್ಛ. ಆದರೆ ಆಗ ಕೆಂಪು ವೈರ್ ಎರಡಾಗುತ್ತವೆ, ಒಂದು ಚಿತ್ರದ್ದು, ಒಂದು ಧ್ವನಿಯದ್ದು. ಗೊಂದಲ ಅಲ್ಲೇ! ಹೋಮ್ ಥಿಯೇಟರ್ ಇದ್ದವರು ಧ್ವನಿಯ ಬಿಳಿ-ಕೆಂಪನ್ನು ಟಿವಿ ಬಿಟ್ಟು ಅದಕ್ಕೇ ಹಚ್ಚಬಹುದು.

ಟಿವಿಯಲ್ಲಿ ಎಚ್‌ಡಿಎಂಐ ಒಂದೇ ಇದ್ದರೆ ಸಣ್ಣ ಕನ್ವರ್ಟರ್ ಬೇಕು. ಅಂಗಡಿಯಲ್ಲಿ 'ಎವಿ ಟು ಎಚ್‌ಡಿಎಂಐ' ಎಂದೇ ಕೇಳಿ. 'ಎಚ್‌ಡಿಎಂಐ ಟು ಎವಿ' ಉಲ್ಟಾ ಕೆಲಸದ್ದು, ನೋಡಲು ಮಾತ್ರ ಅದರಂಥದ್ದೇ. ಕನ್ವರ್ಟರಿಗೆ ಯುಎಸ್‌ಬಿ ವೈರಿನಿಂದ ಕರೆಂಟ್ ಕೊಡಬೇಕು. ಇದರಿಂದ ಹಳೆ ಚಿತ್ರವೇನೂ ಹೊಸದಾಗದು.

ಅವಸರ ಇರುವುದು ಡಿಸ್ಕಿನದು. ಸ್ಟುಡಿಯೋದವರು ಬರೆದುಕೊಟ್ಟ ಡಿವಿಡಿಯ ಲೇಪ ವರ್ಷ ಕಳೆದಂತೆ ಕೆಡುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಓಡುತ್ತಿರುವಾಗಲೇ ಕಂಪ್ಯೂಟರ್ ಇದ್ದವರ ಹತ್ತಿರ ಪೆನ್‌ಡ್ರೈವ್‌ಗೆ ನಕಲು ಮಾಡಿಸಿ, ಬೀಗರಿಗೂ ಒಂದು ಕೊಡಿ.