ವಿನಯ ತುಂಬಿದ ಪತ್ರ, ವಿಷಯವಿಲ್ಲದ ಉತ್ತರ

ವ್ಯವಹಾರ ಪತ್ರದ ಇಂಗ್ಲಿಷನ್ನು ನಮ್ಮ ಕಚೇರಿಗಳಲ್ಲಿ ತಲೆಮಾರುಗಳಿಂದ ಕಲಿಸುತ್ತ ಬಂದಿರುವುದು ಹಳೆಯ ಕಡತಗಳು. ‘ಐ ಆ್ಯಮ್ ಡೈರೆಕ್ಟೆಡ್ ಟು ಸ್ಟೇಟ್’ ಎಂದು ಆರಂಭಿಸಿ, ‘ಕೈಂಡ್ಲಿ ಡು ದಿ ನೀಡ್‌ಫುಲ್’ ಎಂದು ಕೋರಿ, ‘ಯುವರ್ಸ್ ಫೇತ್‌ಫುಲ್ಲಿ’ ಎಂದು ಸಹಿ ಹಾಕಿದರೆ ಪತ್ರ ಸಭ್ಯವಾಯಿತೆಂದು ಭಾವಿಸುವವರು ಇಂದಿಗೂ ಇದ್ದಾರೆ. ಅದನ್ನು ಪಡೆದವನು ಮುಂದೇನು ಮಾಡಬೇಕು ಎಂಬುದೊಂದೇ ಅನೇಕ ಪತ್ರಗಳಲ್ಲಿ ಸಿಗುವುದಿಲ್ಲ.

ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ ‘ಸಹಕಾರ ತತ್ವ’ವನ್ನು ಮಂಡಿಸಿದರು. ಬೇಕಾದಷ್ಟನ್ನೇ ಹೇಳಬೇಕು, ನಿಜವನ್ನೇ ಹೇಳಬೇಕು, ಪ್ರಸ್ತುತವಾದುದನ್ನು ಹೇಳಬೇಕು, ಸ್ಪಷ್ಟವಾಗಿ ಹೇಳಬೇಕು ಎಂಬುದು ಅದರ ಸಾರ. ಜನ ಹಲವು ಬಾರಿ ಈ ಸೂತ್ರಗಳನ್ನು ಸಡಿಲಿಸುವುದು ಎದುರಿನವರ ಮನಸ್ಸು ನೋಯದಿರಲೆಂದು. ಭಾಷಾಶಾಸ್ತ್ರಜ್ಞ ಜೆಫ್ರಿ ಲೀಚ್ 1983ರಲ್ಲಿ ಇದನ್ನು ‘ವಿನಯ ತತ್ವ’ವೆಂದು ವಿವರಿಸಿದರು. ವಿನಯ ಮಾತನ್ನು ಬಳಸಿ ಹೇಳಿಸುತ್ತದೆ, ಸಹಕಾರ ನೇರವಾಗಿ ಹೇಳಿಸುತ್ತದೆ. ಇವೆರಡರ ನಡುವಿನ ಸಮತೋಲನವೇ ವ್ಯವಹಾರ ಪತ್ರದ ಕಲೆ.

ಚನ್ನಪಟ್ಟಣದ ಬೊಂಬೆ ತಯಾರಕರೊಬ್ಬರಿಗೆ ವಿದೇಶದ ಅಂಗಡಿಯಿಂದ ಬೇಡಿಕೆ ಬಂದಿದೆ, ಮಳೆಯಿಂದಾಗಿ ಹಾಲೆ ಮರ ಒಣಗಿಲ್ಲ ಎಂದಿಟ್ಟುಕೊಳ್ಳಿ. ‘ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದೆ, ದಯವಿಟ್ಟು ಸಹಕರಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದರೆ ವಿನಯಕ್ಕೆ ಕೊರತೆಯಿಲ್ಲ, ಆದರೆ ಕೊಳ್ಳುವವನಿಗೆ ಏನೂ ತಿಳಿಯಲಿಲ್ಲ. ‘ತಮಗಾದ ತೊಂದರೆಗೆ ವಿಷಾದವಿದೆ. ಮರ ಒಣಗಲು ಇನ್ನೂ ಹತ್ತು ದಿನ ಬೇಕು. ಅರ್ಧದಷ್ಟು ಬೊಂಬೆಗಳು ಸಿದ್ಧವಿವೆ; ಅವನ್ನು ಈಗಲೇ ಕಳುಹಿಸೋಣವೇ?’ ಎಂಬ ಪತ್ರದಲ್ಲಿ ವಿಷಾದವೂ ಇದೆ, ಕೊಳ್ಳುವವನು ನಿರ್ಧರಿಸಲು ಬೇಕಾದ ಮಾಹಿತಿಯೂ ಇದೆ. ವ್ಯಾಪಾರ ಉಳಿಯುವುದು ಎರಡನೆಯದರಿಂದ.

ಇದೇ ಅಳತೆಗೋಲನ್ನು ಅದೇ ಜಿಲ್ಲೆಯ ಮಾಗಡಿ ತಾಲ್ಲೂಕಿನ ಕೆಂಪಾಪುರಕ್ಕೆ ಒಯ್ಯೋಣ. ಅಲ್ಲಿರುವುದು ಕೆಂಪೇಗೌಡರ ಸಮಾಧಿಯೆಂದು 2015ರಲ್ಲಿ ಶಾಸನದ ಆಧಾರದಿಂದ ಗುರುತಿಸಿದ ಮೇಲೆ ಆ ಊರಿನ ಹೆಸರು ನಾಡಿಗೆಲ್ಲ ತಿಳಿಯಿತು. ಅಂಥ ಊರಿನ ರೈತನೊಬ್ಬನ ಸಾಲದ ಅರ್ಜಿಗೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ: ‘ತಮ್ಮ ಕೋರಿಕೆಯನ್ನು ಪರಿಗಣಿಸಲು ಸಾಧ್ಯವಾಗದಿರುವುದಕ್ಕೆ ವಿಷಾದಿಸುತ್ತೇವೆ.’ ಕೊರತೆ ಪಹಣಿಯದೋ, ಹಳೆಯ ಬಾಕಿಯದೋ, ಜಾಮೀನಿನದೋ ತಿಳಿಯದು. ಪತ್ರ ಓದಿಸಲು ಒಬ್ಬರ ಬಳಿ ಹೋಗಬೇಕು, ಕಾರಣ ಕೇಳಲು ಒಂದು ದಿನದ ಕೂಲಿ ಬಿಟ್ಟು ಮಾಗಡಿಗೆ ಹೋಗಬೇಕು. ವ್ಯವಹಾರ ನಡೆಸುವುದಕ್ಕೂ ವೆಚ್ಚವಿದೆ ಎಂಬ ಸತ್ಯವನ್ನು ರೊನಾಲ್ಡ್ ಕೋಸ್ 1937ರಲ್ಲೇ ಅರ್ಥಶಾಸ್ತ್ರದ ಗಮನಕ್ಕೆ ತಂದಿದ್ದರು. ಅಸ್ಪಷ್ಟ ಪತ್ರದ ವೆಚ್ಚವನ್ನು ಬರೆದವನು ಭರಿಸುವುದಿಲ್ಲ, ಓದಿದವನು ಭರಿಸುತ್ತಾನೆ.

ಪತ್ರವನ್ನು ಕನ್ನಡದಲ್ಲಿ ಬರೆದ ಮಾತ್ರಕ್ಕೆ ಈ ದೋಷ ನೀಗುವುದಿಲ್ಲ. ರಾಜ್ಯದ ಅಧಿಕೃತ ಭಾಷಾ ಅಧಿನಿಯಮ 1963ರಲ್ಲೇ ಬಂದಿತು. ಆದರೆ ‘ನಿಯಮಾನುಸಾರ ಪರಿಶೀಲಿಸಲಾಗುವುದು’, ‘ಸೂಕ್ತ ಕ್ರಮಕ್ಕಾಗಿ ಕಳುಹಿಸಲಾಗಿದೆ’ ಎಂಬ ವಾಕ್ಯಗಳಲ್ಲಿ ಹಳೆಯ ಇಂಗ್ಲಿಷ್ ಕಡತವೇ ವೇಷ ಬದಲಿಸಿ ಕುಳಿತಿದೆ. ಪರಿಶೀಲಿಸುವವರು ಯಾರು, ಯಾವಾಗ ಎಂಬುದು ಕರ್ಮಣಿ ಪ್ರಯೋಗದಲ್ಲಿ ಕರಗಿಹೋಗುತ್ತದೆ. ವಿಪರ್ಯಾಸವೆಂದರೆ, ಈ ಶೈಲಿಯನ್ನು ನಮಗೆ ಬಿಟ್ಟುಹೋದ ಬ್ರಿಟನ್ನಿನ ಸರ್ಕಾರವೇ ತನ್ನ ಅಧಿಕಾರಿಗಳ ಭಾಷೆ ತಿದ್ದಲು ಅರ್ನೆಸ್ಟ್ ಗೋವರ್ಸ್ ಅವರಿಂದ ಸರಳ ಬರವಣಿಗೆಯ ಕೈಪಿಡಿಯನ್ನು ಬರೆಸಿ 1948ರಲ್ಲಿ ಪ್ರಕಟಿಸಿತ್ತು.

ಕಡತಗಳ ನಡುವೆ ಸೇವಾವಧಿ ಕಳೆದವರಿಗೆ ಈ ಅಸ್ಪಷ್ಟತೆಯ ಮೂಲ ಗೊತ್ತಿದೆ. ಅದು ಭಾಷೆಯ ಬಡತನವಲ್ಲ. ಕಾರಣವನ್ನು ಬರೆದರೆ ಅದೇ ನಾಳೆ ಮೇಲ್ಮನವಿಗೋ ನ್ಯಾಯಾಲಯಕ್ಕೋ ಆಧಾರವಾದೀತೆಂಬ ಅಂಜಿಕೆ. ವಿನಯದ ನುಡಿಗಟ್ಟು ಆಗ ಗುರಾಣಿಯಾಗುತ್ತದೆ.

ಈ ಗುರಾಣಿಯನ್ನು ಕಾನೂನು ಸ್ವಲ್ಪಮಟ್ಟಿಗೆ ಸರಿಸಿದೆ. 2005ರ ಮಾಹಿತಿ ಹಕ್ಕು ಅಧಿನಿಯಮದ 7(8)ನೇ ಪ್ರಕರಣದಂತೆ, ಕೋರಿಕೆಯನ್ನು ತಿರಸ್ಕರಿಸುವ ಅಧಿಕಾರಿ ತಿರಸ್ಕಾರದ ಕಾರಣ, ಮೇಲ್ಮನವಿಯ ಕಾಲಾವಧಿ ಹಾಗೂ ಮೇಲ್ಮನವಿ ಪ್ರಾಧಿಕಾರದ ವಿವರಗಳನ್ನು ತಿಳಿಸಲೇಬೇಕು. 2011ರ ಕರ್ನಾಟಕದ ‘ಸಕಾಲ’ ಕಾನೂನು ನಿಗದಿತ ಸೇವೆಗಳಿಗೆ ಗಡುವು ವಿಧಿಸಿ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅವಕಾಶ ಕಲ್ಪಿಸಿತು. ಸೌಜನ್ಯವನ್ನು ಶಾಸನ ವಿಧಿಸಲಾರದು. ಸಹಕಾರವನ್ನು ವಿಧಿಸಬಲ್ಲದು ಎಂಬುದಕ್ಕೆ ಇವು ನಿದರ್ಶನ.

ಈ ನಿಯಮವನ್ನು ಮಾಹಿತಿ ಹಕ್ಕಿನ ಅರ್ಜಿಗಳಾಚೆಗೂ ವಿಸ್ತರಿಸುವುದು ಅಗತ್ಯ. ಬ್ಯಾಂಕಿರಲಿ, ಕಚೇರಿಯಿರಲಿ, ಖಾಸಗಿ ಸಂಸ್ಥೆಯಿರಲಿ, ನಿರಾಕರಣೆಯ ಪ್ರತಿ ಪತ್ರವೂ ನಾಲ್ಕು ಪ್ರಶ್ನೆಗಳಿಗೆ ಓದುಗನ ಭಾಷೆಯಲ್ಲಿ ಉತ್ತರಿಸಲಿ: ತೀರ್ಮಾನವೇನು, ಕಾರಣವೇನು, ಸರಿಪಡಿಸಲು ದಾರಿ ಯಾವುದು, ಯಾರನ್ನು ಯಾವ ದಿನಾಂಕದೊಳಗೆ ಕಾಣಬೇಕು? ಇವಿಷ್ಟನ್ನು ಬರೆದ ಮೇಲೆ ‘ತಮ್ಮ ವಿಶ್ವಾಸಿ’ ಎಂದು ಸಹಿ ಹಾಕಿದರೆ ಆ ಮಾತಿಗೂ ಒಂದು ಅರ್ಥವಿರುತ್ತದೆ.