ಚಾರ್‌ಮಿನಾರ್ ರೂಪಾಯಿಯ ಪರೀಕ್ಷೆ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡ ಮನೆತನಗಳಲ್ಲಿಯೂ, ಒಂದು ಕಾಲಕ್ಕೆ ನಿಜಾಮರ ಆಳಿಕೆಗೆ ಒಳಪಟ್ಟಿದ್ದ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳ ಹಳೆಯ ಮನೆಗಳಲ್ಲಿಯೂ ಲಕ್ಷ್ಮೀಪೂಜೆಗೆಂದು ಹೊರತೆಗೆಯುವ ಬೆಳ್ಳಿಯ ನಾಣ್ಯಗಳ ನಡುವೆ ಚಾರ್‌ಮಿನಾರಿನ ಚಿತ್ರವುಳ್ಳ ರೂಪಾಯಿಗಳು ಒಂದೆರಡಾದರೂ ಕಾಣಸಿಗುವುದುಂಟು. ಜನರು ಹಾಲಿ ರೂಪಾಯಿಯೆಂದು ಕರೆಯುತ್ತಿದ್ದ ಈ ನಾಣ್ಯವು 1903ರಲ್ಲಿ ಸೈಫಾಬಾದಿಗೆ ಬಂದ ಟಂಕಸಾಲೆಯಲ್ಲಿ ಯಂತ್ರದಿಂದ ಅಚ್ಚಾದುದು. ನಿಜಾಮ ಸರ್ಕಾರದ ಕಾಗದದ ನೋಟುಗಳ ಮೇಲೆ ಕನ್ನಡಕ್ಕೂ ಸ್ಥಾನವಿದ್ದಿತು. ನಾಣ್ಯದ ಮೇಲಿನ ಬರಹವಾದರೋ ಪಾರಸಿಯದು. ಆದಕಾರಣ ಮನೆಯವರು ತಲೆಮಾರುಗಳಿಂದ ಪೂಜಿಸಿಯೂ ಓದಲಾರದೆ ಉಳಿದ ಈ ವಸ್ತುವನ್ನು ಗುರುತಿಸುವ ಕ್ರಮವೇನೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯದು ಓದುವಿಕೆ. ಭೂತಗನ್ನಡಿಯನ್ನು ಹಿಡಿದು ಚಾರ್‌ಮಿನಾರಿನ ನಡುಬಾಗಿಲನ್ನು ನೋಡಿದರೆ ಅಲ್ಲಿ ಒಂದು ಪುಟ್ಟ ಅಕ್ಷರ ಕಾಣುತ್ತದೆ. ಅದು ‘ಮೀಮ್’ ಆಗಿದ್ದರೆ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಕಾಲದ್ದು. ‘ಅಯಿನ್’ ಆಗಿದ್ದರೆ ಏಳನೆಯವರಾದ ಮೀರ್ ಉಸ್ಮಾನ್ ಅಲಿ ಖಾನರದು. ಉಸ್ಮಾನ್ ಅಲಿಯವರ ಆಳ್ವಿಕೆಯ ಆರಂಭದ ನಾಣ್ಯಗಳಲ್ಲಿ ಈ ಅಯಿನ್ ಮೊಟಕಾಗಿದ್ದು, ಅನಂತರದವುಗಳಲ್ಲಿ ಬಾಲಸಹಿತವಾಗಿ ಪೂರ್ಣರೂಪವನ್ನು ತಾಳಿರುವುದರಿಂದ, ಸಂಗ್ರಾಹಕರು ಮೊಟಕು ಅಯಿನ್‌ನ ರೂಪಾಯಿಯನ್ನು ವಿಶೇಷವಾಗಿ ಅರಸುತ್ತಾರೆ. ನಾಣ್ಯದ ಮೇಲಿನ 92 ಎಂಬ ಅಂಕೆಯನ್ನು ಕಂಡು ವರ್ಷವೆಂದು ಭ್ರಮಿಸಬಾರದು. ಅದು ‘ಮುಹಮ್ಮದ್’ ಎಂಬ ನಾಮದ ಅಕ್ಷರಗಳಿಗೆ ಸಲ್ಲುವ 40, 8, 40, 4 ಎಂಬ ಸಂಖ್ಯೆಗಳ ಮೊತ್ತ. ವರ್ಷವು ಹಿಜರಿ ಶಕದ್ದು. ಚಾಂದ್ರಮಾನದ ಆ ವರ್ಷಕ್ಕೆ ಸುಮಾರು 354 ದಿನಗಳಾದುದರಿಂದ, ಉದಾಹರಣೆಗೆ 1329ನ್ನು 0.97ರಿಂದ ಗುಣಿಸಿ 622ನ್ನು ಕೂಡಿದರೆ ಕ್ರಿ.ಶ. 1911 ದೊರೆಯುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿಯೇ ಮಹಬೂಬ್ ಅಲಿಯವರು ತೀರಿಕೊಂಡು ಮಗನಿಗೆ ಪಟ್ಟವಾಯಿತು. ಹೀಗಾಗಿ 1329 ಎಂಬ ವರ್ಷವೊಂದರಿಂದಲೇ ನಿರ್ಣಯವಾಗದು, ಬಾಗಿಲಿನ ಅಕ್ಷರವನ್ನೂ ಆಳ್ವಿಕೆಯ ವರ್ಷವನ್ನೂ ಕೂಡಿಸಿ ಓದಬೇಕು.

ಎರಡನೆಯದು ತೂಕ. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇಕಡಾ 81.8. ಕಲದಾರ್ ಎನ್ನಿಸಿಕೊಂಡಿದ್ದ ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇಕಡಾ 91.7. ಆರು ಕಲದಾರಿನ ಬೆಳ್ಳಿಯೂ ಏಳು ಹಾಲಿಯ ಬೆಳ್ಳಿಯೂ ಹೆಚ್ಚುಕಡಮೆ 64 ಗ್ರಾಂ ಆಗುತ್ತದೆ. ಆರಕ್ಕೆ ಏಳು ಎಂಬ ಅಂದಿನ ವಿನಿಮಯ ದರಕ್ಕೂ ಇದಕ್ಕೂ ಹೊಂದಿಕೆಯಾಗುವುದು ಗಮನಾರ್ಹ. ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಆರ್ಕಿಮಿಡೀಸನ ನಿಯಮದಂತೆ ಸುಮಾರು 1.1 ಗ್ರಾಂ ಕಡಮೆಯಾಗಬೇಕು. ಅಷ್ಟೇ ತೂಕದ ಹಿತ್ತಾಳೆಯ ಖೋಟಾ ನಾಣ್ಯವು 1.3 ಗ್ರಾಂನಷ್ಟು ಕಳೆದುಕೊಂಡು ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ.

ಇವೆರಡೂ ಮುಗಿದ ಮೇಲೆಯೇ ದರ್ಜೆಯ ನಿರ್ಣಯ. ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ, 1ರಿಂದ 70ರವರೆಗಿನ ಮಾನದಂಡ ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಸವೆತವೇ ಇಲ್ಲದ ನಾಣ್ಯಕ್ಕೆ 60 ಮತ್ತು ಅದಕ್ಕೂ ಮೇಲಿನ ಅಂಕಗಳು. ಕೈಯಿಂದ ಕೈಗೆ ಸಾಗುವಾಗ ಅಚ್ಚಿನ ಉಬ್ಬಿದ ಭಾಗಗಳು ಮೊದಲು ಸವೆಯುವುದರಿಂದ ಅವುಗಳನ್ನೇ ಪ್ರಥಮತಃ ಪರೀಕ್ಷಿಸುತ್ತಾರೆ. ಆದರೆ ಅಚ್ಚೊತ್ತುವಾಗಲೇ ಮೂಡದೆ ಹೋದ ಗೆರೆಯೂ ಸವೆದಂತೆಯೇ ತೋರಬಹುದು. ಅಚ್ಚಿನ ಒತ್ತಡಕ್ಕೆ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿದು, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಏಣುಗಳನ್ನು ಉಳಿಸಿರುತ್ತದೆ. ನಾಣ್ಯವನ್ನು ಓರೆಯಾಗಿಸಿ ತಿರುಗಿಸಿದಾಗ ಬೆಳಕು ಅವುಗಳ ಮೇಲೆ ಸುತ್ತಿಬರುವುದು. ಆ ಕಾಂತಿ ಉಳಿದಿದ್ದರೆ ಅಚ್ಚಿನ ದೋಷ, ಅಳಿದಿದ್ದರೆ ಸವೆತ. ಸರಕ್ಕಾಗಿ ಕುಣಿಕೆಯನ್ನು ಬೆಸೆದು ತೆಗೆದ ಗುರುತು ದರ್ಜೆಯನ್ನು ಬಹಳವಾಗಿ ತಗ್ಗಿಸುತ್ತದೆ.

ಹುಣಿಸೆಹಣ್ಣಿನಿಂದಲೋ ಬೂದಿಯಿಂದಲೋ ತಿಕ್ಕಿ ಬೆಳಗುವ ನಮ್ಮ ಪದ್ಧತಿಯೂ ಇದೇ ಹಾನಿಯನ್ನು ಮಾಡುತ್ತದೆ. ಗಾಳಿಯಲ್ಲಿನ ಗಂಧಕದ ಅನಿಲಗಳೊಡನೆ ಬೆಳ್ಳಿ ಕೂಡಿ ಉಂಟಾದ ಕಪ್ಪು ಪದರವು ನಾಣ್ಯದ್ದೇ ಬೆಳ್ಳಿ. ಅದನ್ನು ಕಿತ್ತರೆ ಕಾಂತಿಯ ಏಣುಗಳೂ ಹೋಗುತ್ತವೆ, ಮರಳಿ ಬಾರವು. ನೂರು ವರ್ಷ ದಾಟಿದ ನಾಣ್ಯವು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಸೇರುವುದರಿಂದ ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ ಎಂಬುದೂ ನೆನಪಿರಲಿ. ಆದುದರಿಂದ ಮನೆಯಲ್ಲಿ ಇಂತಹ ರೂಪಾಯಿ ಇರುವವರು ಅದನ್ನು ತಿಕ್ಕದೆ, ಅಂಚನ್ನಷ್ಟೇ ಹಿಡಿದು ನೋಡಿ, ಒಣಗಿದ ಕಾಗದದ ಲಕೋಟೆಯಲ್ಲಿಟ್ಟು, ಅದು ಯಾರಿಂದ ಬಂದಿತೆಂಬುದನ್ನು ಲಕೋಟೆಯ ಮೇಲೆ ಕನ್ನಡದಲ್ಲಿ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ.