ಪತ್ರದ ಕೊನೆಯ ನಾಲ್ಕು ಸಾಲು

ಅಂಚೆಯ ಮೂಲಕ ಕಾಗದ ಬರೆಯುವ ವಾಡಿಕೆಯು ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ನಿಂತುಹೋಗಿದೆ. ಆದರೆ ಕಾಗದ ಬರೆಯಬೇಕಾದ ಸಂದರ್ಭಗಳು ನಿಂತಿಲ್ಲ. ಪ್ಲಸ್ ಟು ಮುಗಿಸಿದ ಹುಡುಗನು ಮಂಗಳೂರಿನ ಕಾಲೇಜೊಂದರಲ್ಲಿ ಪ್ರವೇಶದ ವಿಚಾರ ಕೇಳಬೇಕು. ವಿದ್ಯಾರ್ಥಿವೇತನದ ಅರ್ಜಿಯು ಎಲ್ಲಿ ತಡೆದು ನಿಂತಿದೆಯೆಂದು ತಿರುವನಂತಪುರದ ಕಚೇರಿಗೆ ಬರೆಯಬೇಕು. ಕೊಲ್ಲಿ ದೇಶದಲ್ಲಿ ದುಡಿಯುತ್ತಿರುವ ತಂದೆಯು ಮಗಳ ವರ್ಗಾವಣೆ ಪತ್ರಕ್ಕಾಗಿ ಶಾಲೆಗೆ ಬರೆಯಬೇಕು. ಇವೆಲ್ಲವೂ ಈಗ ಇ-ಮೇಲಿನ ಮೂಲಕವೇ ಸಾಗುತ್ತವೆ. ಹೀಗೆ ನಮ್ಮ ಶಾಲೆಗೆ ಬರುವ ಪತ್ರಗಳಲ್ಲಿ ಹಲವು, “ಸರ್, ನನ್ನ ಸರ್ಟಿಫಿಕೇಟು ಬೇಕಿತ್ತು” ಎಂಬ ಒಂದೇ ವಾಕ್ಯದಲ್ಲಿ ಮುಗಿದಿರುತ್ತವೆ. ಬರೆದವರು ಯಾರು, ಯಾವ ವರ್ಷ ಓದಿದವರು, ಯಾವ ಊರಿನವರು ಎಂಬುದರ ಸುಳಿವೇ ಇರುವುದಿಲ್ಲ. ವಿಳಾಸವನ್ನು ನೋಡಿ ತಿಳಿಯೋಣವೆಂದರೆ ಅಲ್ಲಿ ಯಾವನೋ ಚಿತ್ರನಟನ ಹೆಸರೂ ನಾಲ್ಕು ಅಂಕೆಗಳೂ ಇರುತ್ತವೆ! ಗುರುತು ಹಿಡಿಯಲಾರದ ಪತ್ರಕ್ಕೆ ಸ್ವಂತ ಶಾಲೆಯವರೇ ಉತ್ತರ ಕೊಡಲು ತಿಣುಕಬೇಕಾದರೆ, ದಿನಕ್ಕೆ ನೂರಾರು ಪತ್ರಗಳನ್ನು ತೆರೆಯುವ ದೂರದ ಗುಮಾಸ್ತರು ಏನು ಮಾಡಿಯಾರು?

ಈ ತೊಂದರೆಗೆ ಇ-ಮೇಲ್ ಕಾರ್ಯಕ್ರಮಗಳಲ್ಲಿಯೇ ಒಂದು ಸುಲಭವಾದ ಉಪಾಯವಿದೆ. ಅದನ್ನು ‘ಸಿಗ್ನೇಚರ್’ ಎಂದು ಕರೆಯುತ್ತಾರೆ. ನಮ್ಮ ಹೆಸರು, ತರಗತಿ, ಊರು ಮುಂತಾದ ವಿವರಗಳನ್ನು ಒಮ್ಮೆ ಬರೆದಿಟ್ಟರೆ, ಮುಂದೆ ನಾವು ಬರೆಯುವ ಪ್ರತಿಯೊಂದು ಪತ್ರದ ಅಡಿಯಲ್ಲಿಯೂ ಯಂತ್ರವೇ ಅವನ್ನು ಸೇರಿಸುತ್ತದೆ. ಇದನ್ನು ಬರೆಯುವುದು ಹೇಗೆ, ಬರೆದ ಮೇಲೆ ಸರಿಯಾಗಿ ಇಟ್ಟುಕೊಳ್ಳುವುದು ಹೇಗೆ ಎಂಬ ವಿಚಾರವನ್ನು ವಿದ್ಯಾರ್ಥಿಗಳಿಗೂ ರಕ್ಷಕರಿಗೂ ಇಲ್ಲಿ ತಿಳಿಸಲಿಚ್ಛಿಸುತ್ತೇವೆ.

ಬರೆಹದ ಕೊನೆಯಲ್ಲಿ ಗುರುತು ಹಾಕುವುದು ಕನ್ನಡಿಗರಿಗೆ ಹೊಸದಲ್ಲ. ವಚನದ ಕೊನೆಯಲ್ಲಿ ‘ಕೂಡಲಸಂಗಮದೇವ’ ಎಂದು ಬಂದೊಡನೆ ಅದು ಬಸವಣ್ಣನವರ ವಚನವೆಂದು ತಿಳಿಯುತ್ತೇವೆ. ‘ಪುರಂದರವಿಠಲ’ ಎಂಬ ಅಂಕಿತವನ್ನು ಕೇಳಿದವರು ಹಾಡಿದ ದಾಸರು ಯಾರೆಂದು ಮತ್ತೆ ವಿಚಾರಿಸಬೇಕಾಗಿಲ್ಲ. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳಲ್ಲಿ ಇನ್ನೊಂದು ಸೋಜಿಗವುಂಟು. ಶಾಸನದ ಭಾಷೆ ಸಂಸ್ಕೃತ, ಲಿಪಿ ನಂದಿನಾಗರಿ. ಆದರೆ ಕೊನೆಯಲ್ಲಿ ಅರಸರ ಒಪ್ಪವಾದ ‘ಶ್ರೀ ವಿರೂಪಾಕ್ಷ’ ಎಂಬುದು ಮಾತ್ರ ಕನ್ನಡ ಅಕ್ಷರಗಳಲ್ಲಿದೆ. ಗಡಿನಾಡಿನಲ್ಲಿದ್ದು, ಕಚೇರಿಗಳಿಗೆ ಮಲೆಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಬೇಕಾಗಿ ಬರುವ ನಾವು ಇದನ್ನು ಮರೆಯಬಾರದು. ಪತ್ರದ ಒಡಲು ಯಾವ ಭಾಷೆಯಲ್ಲಿದ್ದರೂ ಅಡಿಯ ಹೆಸರು ಕನ್ನಡದಲ್ಲಿಯೂ ಇರಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇ-ಮೇಲಿನ ಚರಿತ್ರೆ ಅಷ್ಟೇನೂ ದೀರ್ಘವಲ್ಲ. ಒಂದು ಗಣಕದಿಂದ ಇನ್ನೊಂದು ಗಣಕಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವ ಕ್ರಮವನ್ನು ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ತಂತ್ರಜ್ಞರು 1971ರಲ್ಲಿ ಸಾಧಿಸಿದರು. ಬಳಕೆದಾರನ ಹೆಸರನ್ನೂ ಗಣಕದ ಹೆಸರನ್ನೂ ಬೇರ್ಪಡಿಸಲು @ ಎಂಬ ಚಿಹ್ನೆಯನ್ನು ಆರಿಸಿದವರೂ ಅವರೇ. ಬಳಕೆ ಹೆಚ್ಚಿದಂತೆ ಕೆಲವರು ಪತ್ರದ ಅಡಿಯಲ್ಲಿ ತಮ್ಮ ಬಿರುದಾವಳಿಯನ್ನೂ, ಸುಭಾಷಿತಗಳನ್ನೂ, ಅಕ್ಷರಗಳಿಂದಲೇ ಬರೆದ ಚಿತ್ರಗಳನ್ನೂ ತುಂಬಿಸತೊಡಗಿದರು. 1995ರ ಅಕ್ಟೋಬರಿನಲ್ಲಿ ಜಾಲದ ಶಿಷ್ಟಾಚಾರವನ್ನು ಕುರಿತು ಪ್ರಕಟವಾದ ‘ಆರ್.ಎಫ್.ಸಿ. 1855’ ಎಂಬ ಬರೆಹವು ಸಿಗ್ನೇಚರ್ ಚಿಕ್ಕದಾಗಿರಲಿ, ಸುಮಾರಾಗಿ ನಾಲ್ಕು ಸಾಲನ್ನು ಮೀರದಿರಲಿ ಎಂದು ಸೂಚಿಸಿತು. ಆಗ ಹಲವರು ನಿಮಿಷಗಳ ಲೆಕ್ಕದಲ್ಲಿ ಸಂಪರ್ಕಕ್ಕೆ ಹಣ ತೆರುತ್ತಿದ್ದರು. ಪತ್ರ ಉದ್ದವಾದಷ್ಟೂ ಓದುವವನ ಖರ್ಚು ಹೆಚ್ಚುತ್ತಿತ್ತು. ಆ ಕಾರಣವು ಈಗ ಇಲ್ಲವಾದರೂ ನಾಲ್ಕು ಸಾಲಿನ ಅಳತೆಯನ್ನು ನಾವು ಇಂದಿಗೂ ಒಪ್ಪುತ್ತೇವೆ. ಫೋನಿನ ಕಿರಿದಾದ ಪರದೆಯಲ್ಲಿ ಓದುವವರಿಗೆ ಐದಾರು ಸಾಲೇ ಒಂದು ಪುಟವಾಗಿಬಿಡುತ್ತದೆ.

ಆ ಕಾಲದ ಇನ್ನೊಂದು ರೂಢಿಯೂ ಉಳಿದುಕೊಂಡಿದೆ. ಪತ್ರ ಮುಗಿದು ಸಿಗ್ನೇಚರ್ ಆರಂಭವಾಗುವಲ್ಲಿ ಎರಡು ಕಿರುಗೆರೆಗಳು, ಅವುಗಳ ಬಳಿಕ ಒಂದು ತೆರಪು. ಇಷ್ಟೇ ಇರುವ ಒಂದು ಸಾಲು. ಇದನ್ನು ಕಂಡ ಕೆಲವು ಕಾರ್ಯಕ್ರಮಗಳು ಮುಂದಿನದು ಪತ್ರದ ಒಡಲಲ್ಲವೆಂದು ತಿಳಿದು, ಉತ್ತರ ಬರೆಯುವಾಗ ಆ ಭಾಗವನ್ನು ತಾವಾಗಿಯೇ ಬಿಟ್ಟುಬಿಡುತ್ತವೆ. ಪತ್ರದ ಕೊನೆಯಲ್ಲಿ ಈ ಗೆರೆಗಳನ್ನು ಕಂಡ ವಿದ್ಯಾರ್ಥಿಗಳು ಅಚ್ಚಿನ ತಪ್ಪೆಂದು ಭಾವಿಸಬಾರದು.

ಇನ್ನು ಆ ನಾಲ್ಕು ಸಾಲುಗಳಲ್ಲಿ ಏನಿರಬೇಕು? ಶ್ರೀಲತಾ ಎಂಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಅವಳ ಸಿಗ್ನೇಚರ್ ಹೀಗಿರಬಹುದು:

--
ಶ್ರೀಲತಾ ಕೆ.
ಹತ್ತನೆಯ ತರಗತಿ, ‘ಬಿ’ ವಿಭಾಗ
(ಶಾಲೆಯ ಪೂರ್ಣ ಹೆಸರು)
ಬದಿಯಡ್ಕ, ಕಾಸರಗೋಡು ಜಿಲ್ಲೆ, ಕೇರಳ

ನೋಡುವುದಕ್ಕೆ ಇದು ಬಹಳ ಸರಳ. ಆದರೆ ಮೊದಲನೆಯ ಸಾಲಿನಲ್ಲಿಯೇ ಒಂದು ತೊಡಕಿದೆ. ಹೊರಗಿನ ಕಚೇರಿಗಾಗಿ ಈ ಹೆಸರನ್ನು ಇಂಗ್ಲಿಷಿನಲ್ಲಿಯೂ ಬರೆಯಬೇಕಾಗುತ್ತದೆ. ‘ಶ್ರೀ’ ಎಂಬುದನ್ನು ಕೇರಳದಲ್ಲಿ ಸಾಮಾನ್ಯವಾಗಿ ಎಸ್, ಆರ್, ಇ, ಇ ಎಂದು ಬರೆಯುತ್ತಾರೆ. ಕರ್ನಾಟಕದಲ್ಲಿ ಎಸ್ ಅಕ್ಷರದ ಬಳಿಕ ಎಚ್ ಸೇರಿಸುವವರು ಹಲವರು. ‘ತಾ’ ಎಂಬಲ್ಲಿ ಒಬ್ಬರು ಟಿ ಒಂದನ್ನೇ ಬರೆದರೆ ಇನ್ನೊಬ್ಬರು ಟಿ, ಎಚ್ ಎರಡನ್ನೂ ಬರೆಯುತ್ತಾರೆ. ತಂದೆಯ ಹೆಸರಿನ ಅಥವಾ ಮನೆತನದ ಮೊದಲಕ್ಷರವು ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ಹೀಗಾಗಿ ಒಬ್ಬಳೇ ಹುಡುಗಿಯು ಮೂರು ದಾಖಲೆಗಳಲ್ಲಿ ಮೂವರಾಗಿಬಿಡುವುದುಂಟು. ಕಾಲೇಜಿನವರು ಪಟ್ಟಿಯಲ್ಲಿ ಹುಡುಕುವಾಗ ಒಂದಕ್ಷರ ವ್ಯತ್ಯಾಸವಾದರೂ ಗಣಕವು ‘ಇಲ್ಲ’ ಎಂದೇ ಹೇಳಬಹುದು. ಆದಕಾರಣ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಹೆಸರು ಯಾವ ಅಕ್ಷರಗಳಲ್ಲಿದೆಯೋ ಆ ಅಕ್ಷರಗಳಲ್ಲಿಯೇ ಸಿಗ್ನೇಚರಿನಲ್ಲಿಯೂ ಇರತಕ್ಕದ್ದು. ಪ್ರಮಾಣಪತ್ರ ಇನ್ನೂ ಕೈಗೆ ಬಾರದವರು ಶಾಲೆಯ ದಾಖಲೆಯಲ್ಲಿರುವಂತೆ ಬರೆಯಲಿ. ಅದರ ಪಕ್ಕದಲ್ಲಿ ಕನ್ನಡದ ಹೆಸರನ್ನು ಸೇರಿಸಿದರೆ, ಓದುವವರಿಗೆ ಸರಿಯಾದ ಉಚ್ಚಾರವೂ ತಿಳಿಯುತ್ತದೆ.

ಊರಿನ ಹೆಸರಿನ ವಿಷಯವೂ ಇದೇ. ನಾವು ಬದಿಯಡ್ಕ ಎನ್ನುವ ಊರು ಮಲೆಯಾಳದಲ್ಲಿ ಬದಿಯಡುಕ್ಕ, ನಮ್ಮ ಕುಂಬಳೆ ಅವರಿಗೆ ಕುಂಬಳ, ಮಂಜೇಶ್ವರವು ಮಂಜೇಶ್ವರಂ. ಊರನ್ನು ನಾವು ಕರೆಯುವ ಹೆಸರಿನಿಂದಲೇ ಕನ್ನಡದಲ್ಲಿ ಬರೆಯೋಣ. ಇಂಗ್ಲಿಷಿನಲ್ಲಿ ಬರೆಯುವಾಗ ಅಂಚೆ ಕಚೇರಿಯ ಕಾಗುಣಿತವನ್ನು ಅನುಸರಿಸೋಣ. ‘ಕೇರಳ’ ಎಂಬ ಪದವನ್ನು ಮಾತ್ರ ಬಿಡಬಾರದು. ಕನ್ನಡದಲ್ಲಿ ಬರೆದ ಪತ್ರವನ್ನು ಕಂಡು, ಬರೆದವರು ಕರ್ನಾಟಕದವರೇ ಎಂದು ಬೆಂಗಳೂರಿನಲ್ಲಿ ಭಾವಿಸುವುದು ಸಹಜ. ಹೊರರಾಜ್ಯದ ಕನ್ನಡ ವಿದ್ಯಾರ್ಥಿಗಳ ನಿಯಮಗಳಾದರೋ ಬೇರೆಯಾಗಿರುತ್ತವೆ.

ಕನ್ನಡ ಅಕ್ಷರಗಳು ಆ ಕಡೆ ಸರಿಯಾಗಿ ಮೂಡುವುವೇ ಎಂಬ ಸಂದೇಹ ಕೆಲವರಿಗಿದೆ. ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಬರೆದರೆ ಮೂಡುತ್ತವೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಫೋನಿನ ಕನ್ನಡ ಕೀಲಿಮಣೆಯಿಂದ ಬರೆಯುವುದೆಲ್ಲವೂ ಯೂನಿಕೋಡೇ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ ಬೆರಳಚ್ಚಿಸಿದ ಬರೆಹವನ್ನು ತಂದು ಅಂಟಿಸಿದರೆ ಮಾತ್ರ ಆ ಕಡೆಯವರಿಗೆ ಅರ್ಥವಿಲ್ಲದ ಚಿಹ್ನೆಗಳ ಸಾಲೊಂದು ಕಾಣುತ್ತದೆ.

ಈಗ ಕೆಲಸಕ್ಕೆ ಬರೋಣ. ನಮ್ಮಲ್ಲಿ ಹೆಚ್ಚಿನವರು ಬಳಸುವುದು 2004ರಲ್ಲಿ ಆರಂಭವಾದ ಜಿ-ಮೇಲನ್ನು. ಗಣಕದಲ್ಲಿ ಅದನ್ನು ತೆರೆದು ಬಲಗಡೆಯ ಮೇಲ್ಮೂಲೆಯಲ್ಲಿರುವ ಹಲ್ಲುಚಕ್ರದ ಚಿತ್ರವನ್ನು ಒತ್ತಬೇಕು. ‘ಸೀ ಆಲ್ ಸೆಟ್ಟಿಂಗ್ಸ್’ ಎಂಬುದನ್ನು ಆರಿಸಿದರೆ ‘ಜನರಲ್’ ಎಂಬ ಪುಟ ತೆರೆಯುತ್ತದೆ. ಅದರಲ್ಲಿ ಕೆಳಕ್ಕೆ ಸಾಗಿದಾಗ ‘ಸಿಗ್ನೇಚರ್’ ಎಂಬ ಭಾಗ ಸಿಗುವುದು. ‘ಕ್ರಿಯೇಟ್ ನ್ಯೂ’ ಎಂಬುದನ್ನು ಒತ್ತಿ, ‘ಶಾಲೆ’ ಎಂದೋ ‘ಮನೆ’ ಎಂದೋ ಒಂದು ಹೆಸರನ್ನು ಕೊಡಬೇಕು; ಈ ಹೆಸರು ನಮ್ಮ ಗುರುತಿಗೆ ಮಾತ್ರ, ಪತ್ರದಲ್ಲಿ ಕಾಣಿಸದು. ಪಕ್ಕದ ಚೌಕದಲ್ಲಿ ನಾಲ್ಕು ಸಾಲುಗಳನ್ನು ಬರೆಯಬೇಕು. ಅದರ ಕೆಳಗೆ, ಹೊಸ ಪತ್ರಗಳಿಗೆ ಯಾವ ಸಿಗ್ನೇಚರ್, ಉತ್ತರಗಳಿಗೆ ಯಾವುದು ಎಂದು ಎರಡು ಆಯ್ಕೆಗಳಿವೆ. ಇವನ್ನು ಆರಿಸದಿದ್ದರೆ, ಬರೆದಿಟ್ಟ ಸಿಗ್ನೇಚರ್ ಅಲ್ಲಿಯೇ ಉಳಿದು ಪತ್ರಕ್ಕೆ ತಾನಾಗಿ ಸೇರುವುದಿಲ್ಲ. ಕಟ್ಟಕಡೆಗೆ ಪುಟದ ತಳಕ್ಕೆ ಹೋಗಿ ‘ಸೇವ್ ಚೇಂಜಸ್’ ಎಂಬುದನ್ನು ಒತ್ತತಕ್ಕದ್ದು. ಆ ಗುಂಡಿಯು ಬಹಳ ಕೆಳಗಿರುವುದರಿಂದ ಅದನ್ನು ಒತ್ತದೆಯೇ ಎದ್ದುಹೋಗುವ ವಿದ್ಯಾರ್ಥಿಗಳನ್ನು ನಮ್ಮ ಗಣಕದ ಕೊಠಡಿಯಲ್ಲಿ ಪ್ರತಿವರ್ಷವೂ ಕಾಣುತ್ತೇವೆ.

ಫೋನಿನಲ್ಲಿ ಮಾಡುವ ಕ್ರಮ ಬೇರೆ. ಜಿ-ಮೇಲಿನ ಎಡಮೂಲೆಯ ಮೂರು ಗೆರೆಗಳನ್ನು ಒತ್ತಿ, ಕೆಳಗಿರುವ ‘ಸೆಟ್ಟಿಂಗ್ಸ್’ ಎಂಬಲ್ಲಿಗೆ ಹೋಗಿ, ತಮ್ಮ ಖಾತೆಯನ್ನು ಆರಿಸಿದರೆ ‘ಮೊಬೈಲ್ ಸಿಗ್ನೇಚರ್’ ಎಂಬುದು ಸಿಗುತ್ತದೆ. ಗಣಕದಲ್ಲಿ ಬರೆದುದು ಫೋನಿನಲ್ಲಿಯೂ ಬಂದೇ ಬರುವುದೆಂದು ನಂಬಿ ಕೂರಬಾರದು. ಥಂಡರ್‌ಬರ್ಡ್ ಎಂಬ ಉಚಿತ ಕಾರ್ಯಕ್ರಮವನ್ನು ಬಳಸುವವರಿಗೆ ‘ಅಕೌಂಟ್ ಸೆಟ್ಟಿಂಗ್ಸ್’ ಪುಟದಲ್ಲಿಯೇ ಸಿಗ್ನೇಚರಿಗೆಂದು ಒಂದು ಚೌಕವಿದೆ. ಅಲ್ಲಿ ಹೆಚ್ಚು ವಿವರಣೆ ಬೇಕಾಗದು.

ಬರೆದಿಡುವುದು ಹತ್ತು ನಿಮಿಷದ ಕೆಲಸ; ಕಾಪಾಡಿಕೊಳ್ಳುವುದೇ ಮುಖ್ಯ. ಯಂತ್ರಕ್ಕೆ ವಿವೇಚನೆಯಿಲ್ಲ. ಎಂಟನೆಯ ತರಗತಿಯಲ್ಲಿ ಬರೆದುದನ್ನು ಅದು ಕಾಲೇಜಿಗೆ ಸೇರಿದ ಮೇಲೆಯೂ ಸೇರಿಸುತ್ತಲೇ ಇರುತ್ತದೆ. ಆದುದರಿಂದ ಪ್ರತಿವರ್ಷ ಜೂನ್ ತಿಂಗಳಲ್ಲಿ, ಹೊಸ ಪುಸ್ತಕಗಳಿಗೆ ಹೊದಿಕೆ ಹಾಕುವ ದಿನವೇ, ಇದನ್ನೂ ತಿದ್ದಿಕೊಳ್ಳುವುದು ಲೇಸು. ಒಂದೇ ಖಾತೆಯನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ತಂದೆಯ ಖಾತೆಯಿಂದ ಮಗನ ಅರ್ಜಿ ಹೋಗುತ್ತದೆ. ಅಡಿಯಲ್ಲಿ ತಂದೆಯ ಹುದ್ದೆ, ದುಬೈಯ ಕಂಪೆನಿಯ ಹೆಸರು, ಅಲ್ಲಿನ ದೂರವಾಣಿ ಸಂಖ್ಯೆ! ಓದಿದವರು ಅರ್ಜಿದಾರನು ಯಾರೆಂದು ತಿಳಿಯಬೇಕು? ಅಂತಹ ಮನೆಯವರು ಒಂದೇ ಖಾತೆಯಲ್ಲಿ ಎರಡು ಸಿಗ್ನೇಚರುಗಳನ್ನು ಬೇರೆ ಬೇರೆ ಹೆಸರಿನಿಂದ ಬರೆದಿಡಬಹುದು. ಗಣಕದಲ್ಲಿ ಪತ್ರ ಬರೆಯುವಾಗ ಕೆಳಗಡೆ ಕಾಣುವ ಲೇಖನಿಯ ಚಿತ್ರವನ್ನು ಒತ್ತಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಮಗನಿಗೆ ಸ್ವಂತ ಖಾತೆಯಿದ್ದರೆ ಇನ್ನೂ ಒಳ್ಳೆಯದು. ಅಕ್ಷಯ ಕೇಂದ್ರಕ್ಕೆ ಹೋಗಿ ಅರ್ಜಿ ಸಲ್ಲಿಸುವ ರಕ್ಷಕರೂ ಅಲ್ಲಿ ಯಾವ ಇ-ಮೇಲ್ ವಿಳಾಸವನ್ನು ನಮೂದಿಸಿದರೆಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಉತ್ತರ ಬರುವುದು ಆ ವಿಳಾಸಕ್ಕೆ.

ಸೇರಿಸಬಾರದ ಸಂಗತಿಗಳೂ ಇವೆ. ಕೈಬರೆಹದ ರುಜುವಿನ ಛಾಯಾಚಿತ್ರವನ್ನು ಅಡಿಯಲ್ಲಿ ಅಂಟಿಸುವ ಚಪಲ ಕೆಲವರಿಗಿದೆ. ನೋಡಲು ಗಂಭೀರವಾಗಿ ಕಂಡರೂ ಇದು ಅಪಾಯಕರ. ಪತ್ರ ತಲುಪಿದ ಯಾರೇ ಆಗಲಿ ಅದನ್ನು ಎತ್ತಿಕೊಂಡು ಬೇರೊಂದು ಕಾಗದದ ಮೇಲೆ ಕೂರಿಸಬಹುದು. ಆಧಾರ್ ಸಂಖ್ಯೆ, ಹುಟ್ಟಿದ ತಾರೀಖು, ಮನೆಯ ಪೂರ್ಣ ವಿಳಾಸ ಇವು ಯಾವುವೂ ಅಲ್ಲಿರಬಾರದು. ಹೆಣ್ಣುಮಕ್ಕಳಾಗಲಿ ಗಂಡುಮಕ್ಕಳಾಗಲಿ ತಮ್ಮ ಫೋನ್ ಸಂಖ್ಯೆಯನ್ನು ಸಿಗ್ನೇಚರಿನಲ್ಲಿ ಹಾಕುವುದನ್ನು ನಾವು ಒಪ್ಪುವುದಿಲ್ಲ. ಬೇಕೆಂದು ಕೇಳಿದವರಿಗೆ ಆ ಒಂದು ಪತ್ರದಲ್ಲಿ ಬರೆದರೆ ಸಾಕು. ಬಣ್ಣದ ಅಕ್ಷರ, ಹೂವಿನ ಚಿತ್ರಗಳ ವಿಷಯದಲ್ಲಿ ನಾವು ಜಗಳವಾಡುವುದಿಲ್ಲ. ಆದರೆ ಕೆಲವು ಕಚೇರಿಗಳ ಗಣಕಗಳು ಚಿತ್ರಗಳನ್ನು ತಡೆಹಿಡಿಯುತ್ತವೆ. ಹೆಸರನ್ನೇ ಚಿತ್ರವಾಗಿ ಮಾಡಿ ಸೇರಿಸಿದವರ ಪತ್ರವು ಅಲ್ಲಿಗೆ ಅನಾಮಧೇಯವಾಗಿಯೇ ತಲುಪುತ್ತದೆ.

ರಕ್ಷಕರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ‘ಸಿಗ್ನೇಚರ್’ ಎಂದು ಹೆಸರಿದ್ದರೂ ಇದು ಕಾನೂನಿನ ದೃಷ್ಟಿಯ ಡಿಜಿಟಲ್ ರುಜುವಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದಲ್ಲಿ ಹೇಳಿರುವ ಡಿಜಿಟಲ್ ರುಜುವು ಗಣಿತದ ಸೂತ್ರಗಳಿಂದ ರಚಿತವಾದುದು. ದಾಖಲೆಯಲ್ಲಿ ಒಂದಕ್ಷರ ಬದಲಾದರೂ ಅದು ತಾಳೆಯಾಗದು. ನಮ್ಮ ನಾಲ್ಕು ಸಾಲುಗಳಾದರೋ ಬರಿಯ ಬರೆಹ. ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಹಾಗೆ ಬರೆದುಕೊಳ್ಳಬಹುದು. ‘ವ್ಯವಸ್ಥಾಪಕರು’ ಎಂದು ಅಡಿಯಲ್ಲಿ ಬ್ಯಾಂಕಿನ ಲಾಂಛನ ಸಹಿತ ಬಂದ ಪತ್ರವು ಬ್ಯಾಂಕಿನಿಂದಲೇ ಬಂದುದೆಂದು ಅಷ್ಟರಿಂದಲೇ ನಂಬಬಾರದು. ಮೇಲ್ಗಡೆ ಕಳುಹಿಸಿದವರ ವಿಳಾಸದಲ್ಲಿ @ ಚಿಹ್ನೆಯ ಬಳಿಕ ಏನಿದೆಯೆಂದು ಮೊದಲು ನೋಡಬೇಕು. ಅದು ಸರಿಯಾಗಿ ಕಂಡರೂ, ಹಣವನ್ನೋ ಗುಪ್ತಸಂಖ್ಯೆಯನ್ನೋ ಕೇಳಿದ್ದರೆ ಉತ್ತರ ಬರೆಯದೆ ನೇರವಾಗಿ ಬ್ಯಾಂಕಿಗೆ ಹೋಗಿ ವಿಚಾರಿಸತಕ್ಕದ್ದು. ವಿದ್ಯಾರ್ಥಿವೇತನ ಮಂಜೂರಾಗಿದೆ, ಮುಂಗಡ ಶುಲ್ಕ ಕಟ್ಟಿ ಎಂಬ ಪತ್ರ ಬಂದರೆ ಶಾಲೆಗೆ ತಂದು ತೋರಿಸಿ.

ಸಿಗ್ನೇಚರನ್ನು ಬರೆದಿಟ್ಟ ವಿದ್ಯಾರ್ಥಿಗಳು ಮೊದಲು ತಮಗೆ ತಾವೇ ಒಂದು ಪತ್ರ ಕಳುಹಿಸಿ, ಅದನ್ನು ಗಣಕದಲ್ಲಿಯೂ ಫೋನಿನಲ್ಲಿಯೂ ತೆರೆದು ನೋಡಲಿ. ಎರಡನೆಯ ಪತ್ರವನ್ನು ಶಾಲೆಯ ವಿಳಾಸಕ್ಕೆ ಬರೆಯಬಹುದು. ಹೆಸರಿನ ಕಾಗುಣಿತವನ್ನು ದಾಖಲೆಯೊಡನೆ ಹೋಲಿಸಿ, ವ್ಯತ್ಯಾಸವಿದ್ದರೆ ತಿಳಿಸುತ್ತೇವೆ.